ಗ್ಲೆಂಡೇಲ್

ಸ್ಕಾಟ್ಲೆಂಡಿನ ಸ್ಕೈ ದ್ವೀಪದ ವಾಯವ್ಯ ಮೂಲೆಯಲ್ಲಿ, ಡ್ಯೂರಿನಿಷ್ ಪರ್ಯಾಯದ್ವೀಪದ ಕಣಿವೆಯೊಂದರಲ್ಲಿ ಹರಡಿಕೊಂಡಿರುವ ಊರು. ಮಿಲೋವೇಗ್, ಲೆಫಿನ್, ವಾಟರ್‌ಸ್ಟೈನ್ ಮುಂತಾದ ಸಣ್ಣ ಪಾಳ್ಯಗಳು ಇದಕ್ಕೆ ಸೇರಿವೆ. ಇಲ್ಲಿನವರು ಕ್ರಾಫ್ಟರುಗಳಾಗಿದ್ದರು, ಅಂದರೆ ತುಂಡು ಹಿಡುವಳಿಯ ಒಕ್ಕಲುಗಳು. ಮನೆಯ ಸುತ್ತಲ ನೆಲದಲ್ಲಿ ಓಟ್ಸ್, ಆಲೂಗಡ್ಡೆ ಬೆಳೆದು, ದನ ಕುರಿಗಳನ್ನು ಗುಡ್ಡದ ಗೋಮಾಳಕ್ಕೆ ಅಟ್ಟುತ್ತಿದ್ದರು. ಅಷ್ಟರಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಮೀನುಗಾರಿಕೆಗೂ ದೂರದ ಕೂಲಿಗೂ ಗಂಡಸರು ಹೋಗಲೇಬೇಕಿತ್ತು.

19ನೆಯ ಶತಮಾನದಲ್ಲಿ ಜಮೀನುದಾರರು ಒಳ್ಳೆಯ ನೆಲವನ್ನು ದೊಡ್ಡ ಕುರಿ ಸಾಕಣೆಗೆ ಕೊಟ್ಟು ರೈತರನ್ನು ಒಕ್ಕಲೆಬ್ಬಿಸಿದರು. ಬೇರೆಡೆ ನೆಲೆ ಕಳೆದುಕೊಂಡವರೂ ಬಂದು ಸೇರಿದ್ದರಿಂದ ಕಣಿವೆ ಕಿಕ್ಕಿರಿಯಿತು. 1846ರ ಆಲೂಗಡ್ಡೆ ರೋಗ ಹಸಿವನ್ನು ತಂದಿತು. ಮನೆಯನ್ನು ಒಕ್ಕಲು ತಾನೇ ಕಟ್ಟಿಕೊಂಡರೂ ಅದರ ಮೇಲೆ ಅವನಿಗೆ ಹಕ್ಕಿರಲಿಲ್ಲ; ಜಮೀನುದಾರನ ಪಾರುಪತ್ಯಗಾರ ಬಿಡು ಎಂದರೆ ಬಿಡಬೇಕು. ಆಮೇಲಿನ ಸಿಟ್ಟಿನ ಬೇರು ಇಲ್ಲಿಯೇ ಇದೆ.

1882ರಲ್ಲಿ ವಾಟರ್‌ಸ್ಟೈನ್ ಹುಲ್ಲುಗಾವಲನ್ನು ತಮಗೆ ಗೇಣಿಗೆ ಕೊಡಿ ಎಂದು ಒಕ್ಕಲುಗಳು ಕೇಳಿದರು. ಸಿಗದಿದ್ದಾಗ ದನಗಳನ್ನು ಒಳಗೆ ಹೊಡೆದರು. ನ್ಯಾಯಾಲಯದ ತಡೆಯಾಜ್ಞೆಗೂ ಬಗ್ಗಲಿಲ್ಲ. 1883ರ ಜನವರಿಯಲ್ಲಿ ಬಂದ ಪೊಲೀಸರನ್ನು ಊರೇ ಎದ್ದು ಹಿಂದಟ್ಟಿತು. ಮರುತಿಂಗಳು ಸರ್ಕಾರದ ಪ್ರತಿನಿಧಿಯನ್ನು ಹೊತ್ತು 'ಜ್ಯಾಕಲ್' ಎಂಬ ಯುದ್ಧನೌಕೆ ಬಂತು. ಮಿಲೋವೇಗ್‌ನ ಜಾನ್ ಮ್ಯಾಕ್‌ಫರ್ಸನ್ ಮತ್ತು ಸಂಗಡಿಗರು ಎಡಿನ್‌ಬರೋ ನ್ಯಾಯಾಲಯಕ್ಕೆ ಹಾಜರಾಗಲು ಒಪ್ಪಿದರು, ಆದರೆ ಆ ನೌಕೆಯನ್ನು ಹತ್ತಲಿಲ್ಲ. ಸಾಧಾರಣ ಉಗಿಹಡಗಿನಲ್ಲಿ ಪ್ರಯಾಣಿಸಿದರು. ಕೈದಿಗಳಂತಲ್ಲ, ತಕರಾರುಳ್ಳ ರೈತರಂತೆ ಹೋದ ಆ ನಡೆ ಇಡೀ ಹೋರಾಟದಲ್ಲೇ ಘನವಾದದ್ದು. ಅವರಿಗೆ ಎರಡು ತಿಂಗಳ ಸೆರೆಯಾಯಿತು. ಮ್ಯಾಕ್‌ಫರ್ಸನ್ 'ಗ್ಲೆಂಡೇಲ್‌ನ ಹುತಾತ್ಮ' ಎಂದು ಹೆಸರಾದನು.

ಗ್ಲೆಂಡೇಲ್ ಮತ್ತು ಅದೇ ದ್ವೀಪದ ಬ್ರೇಸ್‌ನ ಪ್ರತಿಭಟನೆಗಳ ಒತ್ತಡದಿಂದ 1883ರಲ್ಲಿ ನೇಪಿಯರ್ ಆಯೋಗ ನೇಮಕವಾಗಿ ಊರೂರಲ್ಲಿ ಒಕ್ಕಲುಗಳ ಹೇಳಿಕೆ ಪಡೆಯಿತು. 1886ರ ಕ್ರಾಫ್ಟರ್ ಹಿಡುವಳಿ ಕಾಯಿದೆ ಗೇಣಿಯ ಭದ್ರತೆ, ನ್ಯಾಯವಾದ ಗೇಣಿ, ಹಿಡುವಳಿಯನ್ನು ವಾರಸುದಾರರಿಗೆ ದಾಟಿಸುವ ಹಕ್ಕು ಮತ್ತು ತಾವು ಮಾಡಿದ ಸುಧಾರಣೆಗಳಿಗೆ ಪರಿಹಾರವನ್ನು ಕೊಟ್ಟಿತು. ನೆಲ ಮಾತ್ರ ಹೆಚ್ಚಲಿಲ್ಲ. ಆ ಕೊರತೆ ತಕ್ಕಮಟ್ಟಿಗೆ ನೀಗಿದ್ದು 20ನೆಯ ಶತಮಾನದ ಮೊದಲಲ್ಲಿ: ಸರ್ಕಾರಿ ಮಂಡಳಿಯೊಂದು ಎಸ್ಟೇಟನ್ನು ಕೊಂಡು, ಸುಮಾರು 50 ವರ್ಷಗಳ ಕಂತಿನಲ್ಲಿ ಒಕ್ಕಲುಗಳಿಗೇ ಮಾರಿತು. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ ಊರಿನ ನೆಲ ಊರವರದಾದ ಮೊದಲ ಉದಾಹರಣೆಗಳಲ್ಲಿ ಇದೊಂದು. ಅದೇ ಹೈಲ್ಯಾಂಡ್ಸ್‌ನ ಆಸಿಂಟ್‌ನಲ್ಲಿ ಕ್ರಾಫ್ಟರುಗಳು ತಮ್ಮ ಎಸ್ಟೇಟನ್ನು ಕೊಂಡದ್ದು ಇದಾದ ಎಷ್ಟೋ ಕಾಲದ ಮೇಲೆ, 1993ರಲ್ಲಿ.