ಸಿಮೆಂಟ್ ಚೀಲದ ಮೇಲಿನ ಊರು

ವಾಡಿಯಲ್ಲಿ ಬೆಳೆದ ನಮಗೆ ಸಿಮೆಂಟ್ ಚೀಲ ಅಂದ್ರೆ ಬರೀ ಚೀಲ ಅಲ್ಲ. ಮಳೆ ಬಂದರೆ ತಲೆ ಮೇಲೆ ಅದೇ, ಬಚ್ಚಲಿಗೆ ಮರೆಯೂ ಅದೇ. ಅದರ ಮೇಲೆ ‘ಆರ್ಡಿನರಿ ಪೋರ್ಟ್‌ಲ್ಯಾಂಡ್ ಸಿಮೆಂಟ್’ ಅಂತ ಬರೆದಿರುತ್ತಿತ್ತು. ಪೋರ್ಟ್‌ಲ್ಯಾಂಡ್ ಅಂದ್ರೆ ಯಾರೋ ಮಾಲೀಕನ ಹೆಸರಿರಬೇಕು ಅಂದುಕೊಂಡೇ ಅರವತ್ತು ದಾಟಿದೆ. ಮೊನ್ನೆ ಇಂಗ್ಲೆಂಡಿನಲ್ಲಿರುವ ಮಗಳು, ‘ಅಪ್ಪಾ, ಜೂನ್‌ನ್ಯಾಗ ಇಬ್ಬರೂ ಬರ್ರಿ, ಒಂದು ವಾರ ಸಮುದ್ರದ ದಂಡಿಗೆ ಹೋಗೋಣು’ ಅಂತ ಊರುಗಳ ಪಟ್ಟಿ ಕಳಿಸಿದಳು. ವೇಮತ್, ಲಲ್‌ವರ್ತ್, ಚೆಸಿಲ್ ಬೀಚ್, ಕೊನೆಗೆ ಪೋರ್ಟ್‌ಲ್ಯಾಂಡ್. ಎಲ್ಲವೂ ಡಾರ್ಸೆಟ್ ಎಂಬ ಜಿಲ್ಲೆಯವು. ಪೋರ್ಟ್‌ಲ್ಯಾಂಡ್ ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ದ್ವೀಪ, ಅಲ್ಲಿ ಇರುವುದು ಕಲ್ಲಿನ ಖಣಿಗಳು!

ನಮ್ಮ ಮನೆಯಾಕೆ ಹಣೆ ಚಚ್ಚಿಕೊಂಡಳು. ‘ಹುಟ್ಟಿದಾಗಿಂದ ಖಣಿ ನೋಡೀವಿ. ವಿಮಾನ ಹತ್ತಿ ಹೋಗಿ ಮತ್ತ ಖಣೀನೇ ನೋಡಬೇಕೇನ್ರಿ?’

ಆದರೆ ಆ ಖಣಿಯ ಕಥೆ ನಮ್ಮ ಕಥೆಗೆ ಅಂಟಿಕೊಂಡಿದೆ. 1666ರಲ್ಲಿ ಲಂಡನ್ ಸುಟ್ಟುಹೋದ ಮೇಲೆ ಕ್ರಿಸ್ಟೋಫರ್ ರೆನ್ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿಸಿದ್ದು ಪೋರ್ಟ್‌ಲ್ಯಾಂಡಿನ ಸುಣ್ಣದಕಲ್ಲಿನಿಂದ. ಅಲ್ಲಿಂದ ಅದು ದೊಡ್ಡವರ ಕಲ್ಲಾಯಿತು. 1824ರಲ್ಲಿ ಲೀಡ್ಸ್ ಊರಿನ ಜೋಸೆಫ್ ಆಸ್ಪ್‌ಡಿನ್ ಎಂಬ ಇಟ್ಟಿಗೆ ಕೆಲಸದವನು ಸುಣ್ಣದಕಲ್ಲು, ಜೇಡಿಮಣ್ಣು ಸುಟ್ಟು ಮಾಡಿದ ಪುಡಿಗೆ ಪೇಟೆಂಟ್ ಪಡೆದ. ಗಟ್ಟಿಯಾದರೆ ಪೋರ್ಟ್‌ಲ್ಯಾಂಡ್ ಕಲ್ಲಿನಂತೆ ಕಾಣುತ್ತದೆ ಅಂತ ಅದೇ ಹೆಸರಿಟ್ಟ. 1968ರಲ್ಲಿ ವಾಡಿಯಲ್ಲಿ ಎಸಿಸಿ ಕಾರ್ಖಾನೆ ಶುರುವಾದಾಗ ಆ ಹೆಸರು ನಮ್ಮ ಬಾಗಿಲಿಗೂ ಬಂತು. ಸೇಡಂ, ಮಳಖೇಡದ ಕಾರ್ಖಾನೆಗಳಲ್ಲೂ ಅದೇ ಹೆಸರು.

ಇನ್ನು ಸಮುದ್ರ ಅಂದರೆ, ನಾವು ಅದರ ತಳದ ಮೇಲೇ ಕೂತಿದ್ದೇವೆ. ಶಹಾಬಾದ್, ಚಿತ್ತಾಪುರ, ಸೇಡಂ ಸೀಮೆಯ ಪರಸಿ ಕಲ್ಲು, ಚಿಪ್ಪಿನ ಪ್ರಾಣಿಗಳು ಹುಟ್ಟುವ ಮೊದಲೇ ಇಲ್ಲಿದ್ದ ಆಳವಿಲ್ಲದ ಸಮುದ್ರದಲ್ಲಿ ಪದರ ಪದರವಾಗಿ ಕೂತ ಕೆಸರು. ಪೋರ್ಟ್‌ಲ್ಯಾಂಡಿನ ಕಲ್ಲು ಅದಕ್ಕಿಂತ ಬಹಳ ಚಿಕ್ಕದು, ಸುಮಾರು 15 ಕೋಟಿ ವರ್ಷದ್ದು. ಅದರಲ್ಲಿ ಪರಾತದಷ್ಟು ದೊಡ್ಡ ಶಂಖದಂಥ ಪಳೆಯುಳಿಕೆಗಳು ಸಿಗುತ್ತವೆ. ಸುಮಾರು 150 ಕಿ.ಮೀ. ಉದ್ದದ ಆ ಕಡಲತೀರವನ್ನು 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಸಮುದ್ರ ಇದ್ದ ಮಾತ್ರಕ್ಕೆ ಸೂಟಿ ಆಗುವುದಿಲ್ಲ. 1789ರಲ್ಲಿ ವೇಮತ್‌ಗೆ ಆರೋಗ್ಯಕ್ಕಾಗಿ ಬಂದವನು ದೊರೆ ಮೂರನೇ ಜಾರ್ಜ್. ಬಡವರು ಬರಬೇಕಾದರೆ ರೈಲು ಬೇಕಿತ್ತು, ಅದು 1857ರಲ್ಲಿ ಬಂತು. ಹೋಗಲು ದಿನ ಬೇಕಿತ್ತು. 1871ರ ಬ್ಯಾಂಕ್ ರಜೆ ಕಾಯ್ದೆ ವರ್ಷಕ್ಕೆ ಕೆಲವು ದಿನ ಕೊಟ್ಟಿತು. ಸೂಟಿಯಲ್ಲೂ ಒಲೆ ಉರಿಯಬೇಕಲ್ಲ, ಸಂಬಳ ಸಹಿತ ರಜೆಯ ಕಾಯ್ದೆ ಬಂದದ್ದು 1938ರಲ್ಲಿ. ಅಂದರೆ ದೊರೆಯ ಸ್ನಾನಕ್ಕೂ ಕೂಲಿಯವನ ಸಂಬಳದ ರಜೆಗೂ ನಡುವೆ ಸುಮಾರು 150 ವರ್ಷ.

ಅದೇ 1871ರಲ್ಲಿ ಮುಂಬಯಿ ಕಡೆಯ ರೈಲು ಶಹಾಬಾದ್, ವಾಡಿ ದಾಟಿ ರಾಯಚೂರಿನಲ್ಲಿ ಮದ್ರಾಸಿನ ರೈಲನ್ನು ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಚಿಂಚೋಳಿ ಊರಿಗೆ ಮಾತ್ರ ಇನ್ನೂ ರೈಲಿಲ್ಲ. ವಾಡಿಯಲ್ಲಿ ರೈಲು ಹತ್ತಿದರೆ ಮುಂಬಯಿಯ ಸಮುದ್ರ ಸುಮಾರು 600 ಕಿ.ಮೀ. ಹಾಗಿದ್ದೂ ಕಲ್ಲು ಹೋಯಿತು, ಕಲ್ಲು ತೆಗೆದವರು ಹೋಗಲಿಲ್ಲ.

ಯಾಕೆ? ಕಾಯ್ದೆ ಇಲ್ಲೂ ಇತ್ತು. 1948ರ ಕಾರ್ಖಾನೆ ಕಾಯ್ದೆ 20 ದಿನದ ದುಡಿಮೆಗೆ ಒಂದು ದಿನ ಸಂಬಳದ ರಜೆ ಅಂದಿತು. 1952ರ ಗಣಿ ಕಾಯ್ದೆಯಲ್ಲೂ ಸಂಬಳದ ರಜೆ ಇತ್ತು. ಆದರೆ 6 ಮೀಟರಿಗಿಂತ ಆಳ ಇರದ, 50ಕ್ಕಿಂತ ಹೆಚ್ಚು ಆಳು ಇಲ್ಲದ, ಮದ್ದು ಸಿಡಿಸದ ಕಟ್ಟಡ ಕಲ್ಲು, ಸುಣ್ಣದಕಲ್ಲಿನ ಖಣಿಗಳನ್ನು ಅದೇ ಕಾಯ್ದೆ ತನ್ನ ಬಹುಪಾಲು ನಿಯಮಗಳಿಂದ ಹೊರಗಿಟ್ಟಿತು. ಪರಸಿ ನೋಡಿದವರಿಗೆ ಇದರ ಅರ್ಥ ತಟ್ಟನೆ ಆಗುತ್ತದೆ. ಪದರಾಗಿ ಕೂತ ಕಲ್ಲಿಗೆ ಮದ್ದು ಬೇಡ. ಸುತ್ತಿಗೆ, ಚಾಣ, ಹಾರೆ ಇದ್ದರೆ ಏಳುತ್ತದೆ. ಕಲ್ಲಿನ ಆ ಒಳ್ಳೇ ಗುಣವೇ ಎಷ್ಟೋ ಸಣ್ಣ ಖಣಿಯ ಆಳುಗಳನ್ನು ಕಾಯ್ದೆಯ ಹೊರಗೆ ನಿಲ್ಲಿಸಿತು.

ನಮ್ಮಪ್ಪ ಅಂಥ ಒಂದು ಖಣಿಯಲ್ಲಿ ದುಡಿದವರು. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಮಳೆಗಾಲದಲ್ಲಿ ಖಣಿಯಲ್ಲಿ ನೀರು ನಿಂತರೆ ಅದೇ ಸೂಟಿ, ಕೂಲಿ ಮಾತ್ರ ಇಲ್ಲ. ಕಾರ್ಖಾನೆಯಲ್ಲಿ ಕಾಯಂ ಆದವರು ತಿರುಪತಿಗೆ ಹೊಂಟರೆ ಅವರು ಅಂಗಳದಲ್ಲಿ ಕೂತು ಚಾಣ ಮಸೆಯುತ್ತಿದ್ದರು. ‘ಸೂಟಿ ನೌಕರಿ ಇದ್ದೋರಿಗಿ ಇರ್ತದ’ ಅನ್ನುತ್ತಿದ್ದರು.

ಅಲ್ಲಿಯ ಖಣಿಗಳೂ ಸುಖದವಲ್ಲ. 1848ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಜೈಲು ತೆರೆದು, ಬಂದರಿನ ಅಲೆತಡೆ ಗೋಡೆಗೆ ಕೈದಿಗಳಿಂದ ಕಲ್ಲು ಒಡೆಸಿದರು. ಸೂಟಿಗೆ ಬಂದ ಜನ ಆ ಕೈದಿಗಳ ದುಡಿತ ನೋಡಲು ಮುಗಿಬೀಳುತ್ತಿದ್ದರು, ಸುತ್ತಲಿನ ಮನೆಯವರು ಮಾಳಿಗೆಯಲ್ಲಿ ಕೂಡಿಸಿ ಚಹಾ ಮಾರುತ್ತಿದ್ದರು. ಮೊಲ ಬಿಲ ತೋಡಿದರೆ ಕಲ್ಲು ಕುಸಿಯುತ್ತದೆ ಅಂತ ಅಲ್ಲಿಯವರು ಇವತ್ತಿಗೂ ಮೊಲದ ಹೆಸರು ಎತ್ತುವುದಿಲ್ಲವಂತೆ. ಆ ಭಯ ನನಗೆ ಅರ್ಥವಾಗುತ್ತದೆ.

ಈಗ ತಯಾರಿ ನಡೆದಿದೆ. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ವೇಮತ್‌ಗೆ ರೈಲಿನಲ್ಲಿ ಸುಮಾರು ಮೂರು ತಾಸು, ಮುಂದೆ ಬಸ್ಸು. ಜೂನಿನಲ್ಲೂ ನೀರು ತಣ್ಣಗೆ, ಆದ್ದರಿಂದ ಸ್ವೆಟರ್ ಬೇಕು. ಚೆಸಿಲ್ ದಂಡೆಯ ಗುಂಡುಕಲ್ಲು ಒಂದನ್ನೂ ಒಯ್ಯುವ ಹಾಗಿಲ್ಲ. ಪೋರ್ಟ್‌ಲ್ಯಾಂಡಿನ ಟೌಟ್ ಎಂಬ ಬಿಟ್ಟ ಖಣಿಯಲ್ಲಿ ಈಗ ಶಿಲ್ಪಗಳ ತೋಟವಿದೆ, ನಮ್ಮ ಬಿಟ್ಟ ಖಣಿಗಳಲ್ಲಿ ಜಾಲಿಕಂಟಿ ಮತ್ತು ನೀರು.

ಮನೆಯಾಕೆ ಕೊನೆಗೆ ಒಪ್ಪಿದ್ದಾಳೆ. ಒಂದು ದಿನ ಖಣಿಗೆ, ಉಳಿದ ಆರು ದಿನ ಸಮುದ್ರಕ್ಕೆ. ‘ಖಣಿಗಿ ಮೊದಲ್ನೇ ದಿನಾನೇ ಹೋಗಮು’ ಅಂದಳು. ‘ಮಾವನವರ ಕೆಲಸ ಮುಗೀತಂದ್ರ ಸೂಟಿ ಶುರು.’