ಸೈತಾನನ ಶಾನುಭೋಗನೆನಿಸಿಕೊಂಡ ಮೇಷ್ಟ್ರು

ಸ್ಕಾಟ್ಲೆಂಡಿನಲ್ಲಿ ಮಾಟದ ಆರೋಪ ಹೊತ್ತವರ ಪಟ್ಟಿ ಮಾಡಹೊರಟ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ವಾಂಸರಿಗೆ 3,837 ಮಂದಿ ಸಿಕ್ಕಿದರು. ಹೆಚ್ಚಿನವರು ಹೆಂಗಸರು, ನೂರಕ್ಕೆ ಸುಮಾರು 15 ಗಂಡಸರು. ಪಾಠ ಹೇಳಿಯೇ ಆಯುಸ್ಸು ಸವೆಸಿದ ನನ್ನ ಮನಸ್ಸು ಆ ಗಂಡಸರಲ್ಲಿ ಒಬ್ಬನ ಮೇಲೇ ನಿಲ್ಲುತ್ತದೆ: ಜಾನ್ ಫಿಯಾನ್. ಎಡಿನ್‌ಬರೋದ ಪೂರ್ವಕ್ಕೆ, ಕಡಲ ನೀರು ಕಾಯಿಸಿ ಉಪ್ಪು ತೆಗೆಯುತ್ತಿದ್ದ ಪ್ರೆಸ್ಟನ್‌ಪ್ಯಾನ್ಸ್ ಊರಿನ ಶಾಲಾ ಮೇಷ್ಟ್ರು ಅವನು.

ಸ್ಕಾಟ್ಲೆಂಡಿನ ದೊರೆ ಆರನೇ ಜೇಮ್ಸ್ ಡೆನ್ಮಾರ್ಕಿನ ರಾಜಕುಮಾರಿ ಆನ್‌ಳನ್ನು ಮದುವೆಯಾಗಿ 1590ರ ಮೇ ತಿಂಗಳಲ್ಲಿ ಊರು ಸೇರಿದ. ಕಡಲಲ್ಲಿ ಬಿರುಗಾಳಿ ಕಾಡಿತ್ತು. ಗಾಳಿಗೂ ಒಬ್ಬ ಅಪರಾಧಿ ಬೇಕಾಯಿತು. ಅತ್ತ ಟ್ರನೆಂಟ್ ಊರಿನ ಡೇವಿಡ್ ಸೀಟನ್, ಮಾಟದ ಶಂಕೆಯಿಂದ, ರೋಗಿಗಳನ್ನು ಗುಣಪಡಿಸುತ್ತಿದ್ದ ತನ್ನ ಮನೆಗೆಲಸದ ಹುಡುಗಿ ಗಿಲ್ಲಿಸ್ ಡಂಕನ್‌ಳ ಬೆರಳು ಹಿಸುಕಿ ಹಿಂಸಿಸಿದ. ಆಕೆಯ ಬಾಯಿಂದ ಹೆಸರುಗಳು ಉದುರಿದವು. ಅದರಲ್ಲಿ ಮೇಷ್ಟ್ರ ಹೆಸರೂ ಇತ್ತು.

ಆರೋಪ ಹೀಗಿತ್ತು: ನಾರ್ತ್ ಬೆರಿಕ್ ಚರ್ಚಿನಲ್ಲಿ ಸೈತಾನ ಮಾಟಗಾತಿಯರ ಸಭೆ ನಡೆಸಿದನಂತೆ. ಅವರಿಂದ ಪ್ರಮಾಣ ಮಾಡಿಸಿ, ಸೈತಾನ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದವನು ಫಿಯಾನನಂತೆ. ಅಕ್ಷರ ಬಲ್ಲವನಿಗೆ ಆ ಕಥೆಯಲ್ಲಿ ಸಿಕ್ಕಿದ್ದು ಶಾನುಭೋಗಿಕೆ! ತಲೆಗೆ ಹಗ್ಗ ಸುತ್ತಿ ತಿರುಚಿದರು, ಕಾಲುಗಳನ್ನು 'ಬೂಟು' ಎಂಬ ಯಂತ್ರದಲ್ಲಿಟ್ಟು ಬಡಿದರು. ಅವನು ಒಪ್ಪಿಕೊಂಡ.

ಮುಂದಿನದನ್ನು 1591ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ನ್ಯೂಸ್ ಫ್ರಂ ಸ್ಕಾಟ್ಲೆಂಡ್' ಎಂಬ ಕಿರುಹೊತ್ತಗೆ ಹೇಳುತ್ತದೆ. ಅದು ದೊರೆಯ ಪರವಾಗಿ ಬರೆದದ್ದು ಎಂಬುದನ್ನು ಮರೆಯದೆ ಓದಬೇಕು. ಫಿಯಾನ್ ಸೆರೆಮನೆಯ ಬೀಗದಕೈ ಕದ್ದು ಪರಾರಿಯಾದ. ಮತ್ತೆ ಹಿಡಿದು ತಂದರು. ಈ ಸಲ ಅವನು ತಿರುಗಿ ನಿಂತ: ಮೊದಲು ಹೇಳಿದ್ದೆಲ್ಲ ನೋವಿಗೆ ಹೆದರಿ ಹೇಳಿದ್ದು ಎಂದ. ಉಗುರು ಕಿತ್ತರು, ಸೂಜಿ ಚುಚ್ಚಿದರು, ಕಾಲು ಜಜ್ಜಿದರು. ಮಾತು ಬದಲಿಸಲಿಲ್ಲ. ದೊರೆಗೆ ಇದೂ ಸಾಕ್ಷಿಯೇ: ಸೈತಾನ ಮತ್ತೆ ಬಂದು ಇವನನ್ನು ಒಳಹಾಕಿಕೊಂಡಿದ್ದಾನೆ! ಒಪ್ಪಿದರೂ ಮಾಟಗಾರ, ಒಪ್ಪದಿದ್ದರೂ ಮಾಟಗಾರ. 1591ರ ಜನವರಿ ಕೊನೆಯಲ್ಲಿ ಎಡಿನ್‌ಬರೋದ ಕೋಟೆಗುಡ್ಡದಲ್ಲಿ ಕತ್ತು ಹಿಸುಕಿ ಕೊಂದು ಸುಟ್ಟರು.

ಅದೇ ದೊರೆ 1597ರಲ್ಲಿ 'ಡೆಮನಾಲಜಿ' ಎಂಬ ಗ್ರಂಥ ಪ್ರಕಟಿಸಿ ಮಾಟದ ವಿಷಯದಲ್ಲಿ ಪಂಡಿತನೆನಿಸಿಕೊಂಡ. ಮಾಟವನ್ನು ಅಪರಾಧವಾಗಿಸಿದ್ದ 1563ರ ಕಾಯ್ದೆ ರದ್ದಾದದ್ದು 1736ರಲ್ಲಿ. ಸ್ಕಾಟ್ಲೆಂಡ್ ಸರ್ಕಾರದ ಅಂದಿನ ಮುಖ್ಯಸ್ಥೆ ನಿಕೊಲಾ ಸ್ಟರ್ಜನ್ ಆರೋಪ ಹೊತ್ತ ಇವರೆಲ್ಲರ ಕ್ಷಮೆ ಕೇಳಿದ್ದು 2022ರ ಮಾರ್ಚ್ 8ರಂದು. ನನ್ನ ತೀರ್ಪು ಇಷ್ಟೆ: ಆ ವಿಚಾರಣೆಯ ಕೋಣೆಯಲ್ಲಿ ಸಾಕ್ಷ್ಯ ಎಂದರೇನೆಂದು ಬಲ್ಲವನು ಒಬ್ಬನೇ ಇದ್ದ. ಅವನನ್ನೇ ಅಪರಾಧಿ ಎಂದರು.