ಲಂಬಕೋನಕ್ಕೂ ಒಂದು ಇತಿಹಾಸವಿದೆ

ನಿಂತ ಗುಂಡಿಗೆ ಅಷ್ಟೇ ತೂಕದ ಇನ್ನೊಂದು ಗುಂಡು ಓರೆಯಾಗಿ ಬಡಿದು, ಚಲನಶಕ್ತಿ ಚೂರೂ ನಷ್ಟವಾಗದಿದ್ದರೆ, ಎರಡೂ 90 ಡಿಗ್ರಿ ಕೋನದಲ್ಲಿ ಅಗಲುತ್ತವೆ. ಹೈದರಾಬಾದಿನ ಹಿಮಾಯತ್‌ನಗರ, ನಾರಾಯಣಗುಡದ ಕೋಚಿಂಗ್ ತರಗತಿಗಳಲ್ಲಿ ಐಐಟಿಗೆ ಓದುವವರಿಗೆ ಇದು ಸಮಯ ಉಳಿಸುವ ಸೂತ್ರ. ಚರಿತ್ರೆಯಲ್ಲಿ ಮಾತ್ರ ಅದು ಉತ್ತರವಾಗಿದ್ದಕ್ಕಿಂತ ಹೆಚ್ಚಾಗಿ ಒರೆಗಲ್ಲಾಗಿತ್ತು. ಆ ಭಾಗವನ್ನು ಬಿಟ್ಟು ಕಲಿಸಿದರೆ ಸೂತ್ರ ಉಳಿಯುತ್ತದೆ, ಭೌತಶಾಸ್ತ್ರ ಉಳಿಯುವುದಿಲ್ಲ.

ನೇರ ಡಿಕ್ಕಿಯ ಲೆಕ್ಕವನ್ನು 1650ರ ದಶಕದಲ್ಲೇ ಬಿಡಿಸಿದವನು ಡಚ್ ವಿಜ್ಞಾನಿ ಹೈಗೆನ್ಸ್. ಸಾಗುವ ದೋಣಿಯಲ್ಲಿ ನಿಂತವನಿಗೂ ದಡದಲ್ಲಿರುವವನಿಗೂ ಒಂದೇ ಡಿಕ್ಕಿ ಹೇಗೆ ಕಾಣುತ್ತದೆಂದು ಯೋಚಿಸಿ, ಸಮತೂಕದವು ತಮ್ಮ ವೇಗಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆಂದು ತೋರಿಸಿದ. ಇದನ್ನು ಬರೆದಿಟ್ಟ ಅವನ ಪುಸ್ತಕ ಅಚ್ಚಾದದ್ದು 1703ರಲ್ಲಿ, ಅವನು ತೀರಿಕೊಂಡ ಮೇಲೆ. ಓರೆ ಡಿಕ್ಕಿಗೂ ಅದೇ ಉಪಾಯ ಸಾಕು: ತಗುಲಿದ ಕ್ಷಣದಲ್ಲಿ ಕೇಂದ್ರಗಳನ್ನು ಸೇರಿಸುವ ಗೆರೆಯ ಗುಂಟ ಇರುವ ವೇಗ ಕೈಬದಲಾಗುತ್ತದೆ, ಅದಕ್ಕೆ ಅಡ್ಡಲಾಗಿರುವುದು ಇದ್ದ ಗುಂಡಿನಲ್ಲೇ ಉಳಿಯುತ್ತದೆ. ಲಂಬಕೋನ ಹುಟ್ಟುವುದೇ ಇಲ್ಲಿ. ಆದರೆ ಡಿಕ್ಕಿಯ ನಂತರದ ಅಜ್ಞಾತಗಳು ನಾಲ್ಕು. ಸಂವೇಗ ಕೊಡುವ ಸಮೀಕರಣ ಎರಡು, ಶಕ್ತಿ ಕೊಡುವುದು ಒಂದು. ಉಳಿದದ್ದನ್ನು, ಅಂದರೆ ಆ ಗೆರೆ ಎತ್ತ ಇತ್ತೆಂಬುದನ್ನು, ಯಾವ ಸಂರಕ್ಷಣಾ ನಿಯಮವೂ ಹೇಳದು. ಕೇರಂ ಆಡುವವನು ಕಣ್ಣಳತೆಯಲ್ಲಿ ಹುಡುಕುವುದು ಇದನ್ನೇ. ಅಂದಹಾಗೆ, ಕೇರಂನ ಸ್ಟ್ರೈಕರ್ 15 ಗ್ರಾಂವರೆಗೆ ತೂಗುತ್ತದೆ, ಕಾಯಿನ್ ಐದು ಗ್ರಾಂ ಚಿಲ್ಲರೆ. ನೇರ ಹೊಡೆದರೆ ಸ್ಟ್ರೈಕರ್ ನಿಲ್ಲದೆ, ಹೆಚ್ಚುಕಡಿಮೆ ಅರ್ಧ ವೇಗದಲ್ಲಿ ಕಾಯಿನ್ನಿನ ಹಿಂದೆಯೇ ಹೋಗುತ್ತದೆ. ಕೆಲವೊಮ್ಮೆ ಪಾಕೆಟ್ಟಿಗೂ ಬೀಳುತ್ತದೆ. ತೂಕ ಬೇರೆಯಾದ ಕೂಡಲೇ ಸೂತ್ರ ಕೈಕೊಡುತ್ತದೆ.

ಈ ಕೈಕೊಡುವಿಕೆಯೇ ವಿಜ್ಞಾನಿಗಳಿಗೆ ಬೇಕಾಗಿದ್ದದ್ದು. 1920ರ ದಶಕದಲ್ಲಿ ಕೇಂಬ್ರಿಜ್ಜಿನ ಭೌತವಿಜ್ಞಾನಿ ಬ್ಲ್ಯಾಕೆಟ್, ಕಣಗಳ ಜಾಡು ತೋರಿಸುವ ಮೇಘಕೋಶದಲ್ಲಿ ತೆಗೆದ ಚಿತ್ರಗಳಲ್ಲಿ ಆಲ್ಫಾ ಕಣ ಹೀಲಿಯಂಗೆ ಬಡಿದಾಗ ಕವಲು ಲಂಬವಾಗಿತ್ತು: ಎರಡರ ದ್ರವ್ಯರಾಶಿಯೂ ಒಂದೇ. 1932ರಲ್ಲಿ ಅಲ್ಲಿನವನೇ ಆದ ಚಾಂಪಿಯನ್ ಎಂಬ ವಿಜ್ಞಾನಿ ವೇಗದ ಎಲೆಕ್ಟ್ರಾನುಗಳ ಡಿಕ್ಕಿಯನ್ನು ಅಳೆದಾಗ ಕೋನ 90ಕ್ಕಿಂತ ಕಡಿಮೆ ಬಂತು. ದ್ರವ್ಯರಾಶಿ ಸಮವೇ, ಕೋನ ಕುಗ್ಗಿಸಿದ್ದು ಸಾಪೇಕ್ಷತೆ. ಇದೆಲ್ಲ ದೂರದ ಕೇಂಬ್ರಿಜ್ಜಿನ ಮಾತು, ಪ್ರವೇಶ ಪರೀಕ್ಷೆಗೆ ಕೂತವನಿಗೆ ಯಾಕೆ ಎನ್ನಬಹುದು. ಪ್ರಶ್ನೆಗೆ ಸಿಗುವುದು ಎರಡು-ಮೂರು ನಿಮಿಷವಾದ್ದರಿಂದ ಆಕ್ಷೇಪಣೆಯಲ್ಲಿ ಹುರುಳಿದೆ. ದೂರದ ಮಾತೆಂಬುದು ಮಾತ್ರ ಸರಿಯಲ್ಲ. ಹಿಮಾಯತ್‌ನಗರದಿಂದ ಕೆಲವೇ ಕಿಲೋಮೀಟರ್ ಆಚೆಯ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1960ರ ದಶಕದಲ್ಲಿ ದೊಡ್ಡ ಬಲೂನುಗಳನ್ನು ಹಾರಿಸಿ ವಿಶ್ವಕಿರಣಗಳನ್ನು ಹಿಡಿಯುತ್ತಿತ್ತು. ಹೈದರಾಬಾದ್ ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ. ಭೂಮಿಯ ಕಾಂತಕ್ಷೇತ್ರ ತಡೆಯುವುದರಿಂದ ಸುಮಾರು 17 ಗಿಗಾ ಎಲೆಕ್ಟ್ರಾನ್ ವೋಲ್ಟಿಗಿಂತ ಕಡಿಮೆ ಶಕ್ತಿಯ ಪ್ರೋಟಾನುಗಳು ನೆತ್ತಿಯ ಮೇಲಿಂದ ಇಲ್ಲಿಗೆ ಇಳಿಯಲಾರವು. ಆ ಮಿತಿಯಷ್ಟೇ ಶಕ್ತಿಯ ಒಂದು ಪ್ರೋಟಾನ್ ನಿಂತ ಪ್ರೋಟಾನಿಗೆ ಬಡಿದು, ಶಕ್ತಿ ನಷ್ಟವಿಲ್ಲದೆ ಎರಡೂ ಸಮನಾಗಿ ಹಂಚಿಕೊಂಡು ಹೊರಟರೆ, ನಡುವಿನ ಕೋನ 90 ಅಲ್ಲ, ಸುಮಾರು 36 ಡಿಗ್ರಿ.